ಒಂಬತ್ತು ವರ್ಷವಾದರೂ ಬ್ಯಾಗು ಹರಿಯದಿರುವ ಕುರಿತು

ಹೆಗಲಿಗೆ ಅಡ್ಡಲಾಗಿ ಹಾಕಿಕೊಳ್ಳುವ ಲ್ಯಾಪ್‌ಟಾಪ್ ಬ್ಯಾಗುಗಳನ್ನು ತಯಾರಿಸಿ, ಅವುಗಳಿಗೆ ಯಾವ ಅಂಜಿಕೆಯೂ ಇಲ್ಲದೆ ಜೀವನಪೂರ್ತಿ ಗ್ಯಾರಂಟಿ ಕೊಡುವ ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಯ ಹೊಲಿಗೆ ಯಂತ್ರಗಳಿಗೂ, ಜಿಪ್ಪು ಜೋಡಿಸುವ ಕೈಗಳಿಗೂ, ಬಕಲನ್ನು ಸಾವಿರ ಸಲ ಒತ್ತಿ ಪರೀಕ್ಷಿಸುವ ಆ ಅಜ್ಞಾತ ಹೆಬ್ಬೆರಳಿಗೂ ನನ್ನ ಗೌರವಪೂರ್ವಕ ವಂದನೆಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಬ್ಯಾಗಂತೂ ಕ್ಷೇಮವಾಗಿದೆ. ಈ ಪತ್ರ ಬರೆಯಬೇಕಾಗಿ ಬಂದಿರುವುದೇ ಆ ಕಾರಣಕ್ಕೆ.

ಇದನ್ನು ಹೀಗೆ ಊರಿಗೆಲ್ಲ ಕಾಣುವಂತೆ ಬರೆಯುವ ಆಸೆ ನನಗಿರಲಿಲ್ಲ. ಇದಕ್ಕೆ ಮುಂಚೆ ತಮಗೆ ಖಾಸಗಿಯಾಗಿ ಮೂರು ಪತ್ರ ಬರೆದಿದ್ದೇನೆ. ಮೂರಕ್ಕೂ ತಮ್ಮ ಕಚೇರಿಯಿಂದ ಅಕ್ಷರವೂ ಬದಲಾಗದ ಒಂದೇ ಉತ್ತರ ಬಂತು: ತಮ್ಮ ಮೆಚ್ಚುಗೆಯ ಮಾತುಗಳಿಗೆ ಧನ್ಯವಾದ. ಮಾನ್ಯರೇ, ಅವು ಮೆಚ್ಚುಗೆಯ ಮಾತುಗಳಾಗಿರಲಿಲ್ಲ. ಒಬ್ಬ ಮನುಷ್ಯ ‘ತಮ್ಮ ಬ್ಯಾಗು ನನ್ನ ಸಂಸಾರದ ನೆಮ್ಮದಿ ಕೆಡಿಸಿದೆ’ ಎಂದು ಬರೆದರೆ ಅದನ್ನು ಮೆಚ್ಚುಗೆಯ ಕಡತಕ್ಕೆ ಸೇರಿಸುವ ಗುಮಾಸ್ತರನ್ನು ತಾವು ಎಲ್ಲಿಂದ ಹುಡುಕಿ ತಂದಿರೆಂದು ತಿಳಿಯುವ ಕುತೂಹಲ ನನಗಿದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ತಕ್ಕಡಿ ಪರೀಕ್ಷಕ. ಬೇಕರಿ, ಔಷಧದ ಅಂಗಡಿ, ಅಂಚೆ ಕಚೇರಿ, ತರಕಾರಿ ಮಳಿಗೆ, ಹೀಗೆ ತೂಕದ ಯಂತ್ರ ಇರುವ ಕಡೆಯೆಲ್ಲ ಹೋಗಿ, ಅದರ ಮೇಲೆ ನನ್ನ ಹಿತ್ತಾಳೆಯ ತೂಕದ ಕಲ್ಲುಗಳನ್ನಿಟ್ಟು ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡುವುದು, ಸುಳ್ಳಾದರೆ ಲ್ಯಾಪ್‌ಟಾಪಿನಿಂದ ಒಂದು ಕೇಬಲ್ ಎಳೆದು ಅದಕ್ಕೆ ಬುದ್ಧಿ ಹೇಳುವುದು, ಆಮೇಲೆ ಸರಿಯಿದೆಯೆಂದು ಸ್ಟಿಕ್ಕರ್ ಅಂಟಿಸುವುದು ನನ್ನ ಕಸುಬು. ಇದರಲ್ಲಿ ನನಗೆ ಮೇಲಧಿಕಾರಿ ಇಲ್ಲ, ಕೈಕೆಳಗಿನವರೂ ಇಲ್ಲ. ಪೇಟೆಯಲ್ಲಿ ನನ್ನನ್ನು ‘ಅರ್ಧಗ್ರಾಂ’ ಎಂದು ಕರೆಯುತ್ತಾರೆ. ಅರ್ಧ ಗ್ರಾಂ ಹೆಚ್ಚುಕಮ್ಮಿಯಾದರೂ ನಾನು ಸ್ಟಿಕ್ಕರ್ ಅಂಟಿಸುವುದಿಲ್ಲವೆಂಬುದು ಇದರ ಹಿನ್ನೆಲೆ. ಎದುರಿಗೆ ಹಾಗೆ ಕರೆಯುವುದಿಲ್ಲ, ನಾನು ಬೆನ್ನು ತಿರುಗಿಸಿದ ಮೇಲೆ ಕರೆಯುತ್ತಾರೆ. ಆದರೆ ನನ್ನ ಕಿವಿ ಇನ್ನೂ ಚುರುಕಾಗಿದೆ.

ಲ್ಯಾಪ್‌ಟಾಪು, ಕೇಬಲ್ಲುಗಳು, ಸ್ಟಿಕ್ಕರ್ ಸುರುಳಿ, ಜೊತೆಗೆ ಎಂಟು ಕಿಲೋ ಹಿತ್ತಾಳೆ, ಇಷ್ಟನ್ನು ಒಂದೇ ಬ್ಯಾಗಿನಲ್ಲಿ ಹೊತ್ತು ತಿರುಗುವವನಿಗೆ ಬ್ಯಾಗುಗಳ ಆಯಸ್ಸು ಎಷ್ಟೆಂಬುದು ಚೆನ್ನಾಗಿ ಗೊತ್ತಿರುತ್ತದೆ. ತಮ್ಮ ಬ್ಯಾಗು ಬರುವುದಕ್ಕೆ ಮುಂಚೆ ನನ್ನ ಲೆಕ್ಕದಲ್ಲಿ ಅದು ಎಂಟು ತಿಂಗಳು. ಒಂದರ ಪಟ್ಟಿ ಬಸ್ ಹತ್ತುವಾಗ ಕಿತ್ತುಹೋಯಿತು. ಇನ್ನೊಂದರ ಜಿಪ್ಪು, ನಾನು ಔಷಧದ ಅಂಗಡಿಯೊಳಗೆ ನಿಂತಿದ್ದಾಗ, ಮುಚ್ಚಿಕೊಂಡಂತೆ ನಟಿಸುತ್ತಲೇ ಹಿಂದಿನಿಂದ ತೆರೆದುಕೊಂಡಿತು. ಮತ್ತೊಂದರ ತಳ ಬೇಕರಿಯಲ್ಲಿ ಒಮ್ಮೆಗೇ ಕಳಚಿ, ಎರಡು ಕಿಲೋದ ಕಲ್ಲು ನೇರವಾಗಿ ಯಾರದೋ ಹುಟ್ಟುಹಬ್ಬದ ಕೇಕಿನ ಮೇಲೆ ಕೂತಿತು. ಲ್ಯಾಪ್‌ಟಾಪನ್ನು ನಾನು ಮೊಣಕಾಲಿನಿಂದ ತಡೆದು ಉಳಿಸಿಕೊಂಡೆ. ಕೇಕನ್ನು ಉಳಿಸಲು ನನಗೆ ಮೂರನೆಯ ಕಾಲಿರಲಿಲ್ಲ.

ಆ ಕೇಕಿನ ದಿನದ ಮರುದಿನ ಬೆಳಿಗ್ಗೆ ನಾನು ನನ್ನ ಹೆಂಡತಿಗೆ ಒಂದು ಮಾತು ಕೊಟ್ಟೆ. ಆಕೆ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕಸುಬಿನವಳು. ಮನೆಯ ಮುಂದಿನ ಕೋಣೆಯೇ ಆಕೆಯ ಕಾರ್ಖಾನೆ: ಗೋಡೆಗೊರಗಿದ ರಟ್ಟುಗಳು, ಬಿಗಿತಿರುಪಿನ ಒತ್ತುಯಂತ್ರ, ಅಂಟಿನ ಡಬ್ಬ, ಮೇಣ ಹಚ್ಚಿದ ದಾರದ ಉಂಡೆಗಳು. ಮದುವೆಯಾದಾಗಿನಿಂದ ನಾನು ಬೆಳಿಗ್ಗೆ ಹೋಗಿ ಸಂಜೆ ಬರುವವನು, ವಾರಕ್ಕೆ ಎರಡು ದಿನ ಪರ ಊರಿನಲ್ಲಿರುವವನು. ಸಾಕು ಈ ತಿರುಗಾಟ, ಮಧ್ಯಾಹ್ನ ಒಬ್ಬಳೇ ಉಂಡು ಉಂಡು ಬೇಜಾರಾಗಿದೆ ಎಂದು ಆಕೆ ಆಗೊಮ್ಮೆ ಈಗೊಮ್ಮೆ ಹೇಳುತ್ತಿದ್ದಳು. ಅಂದು ನಾನು ಎದೆ ತಟ್ಟಿಕೊಂಡು ಹೇಳಿದೆ: “ಇವತ್ತು ತರೋದೇ ಕೊನೇ ಬ್ಯಾಗು. ಅದು ಹರಿದ ದಿನ ಕೆಲಸ ಬಿಟ್ಟು ಮನೇಲಿ ಕೂತ್ಕೋತೀನಿ.” ನನ್ನ ಮನಸ್ಸಿನಲ್ಲಿದ್ದದ್ದು ಎಂಟು ತಿಂಗಳು. ಆಕೆಯ ಮನಸ್ಸಿನಲ್ಲೂ ಅಷ್ಟೇ ಇದ್ದಿರಬೇಕು, ಏಕೆಂದರೆ ಅಂದು ಆಕೆ ನನಗೆ ಎರಡನೆಯ ಲೋಟ ಚಹಾ ಕೇಳದೆಯೇ ಕೊಟ್ಟಳು.

ಈ ಮಾತು ಕೊಟ್ಟ ಗಂಡ ಮಾಡಬೇಕಾದದ್ದು ಏನು? ಹೋಗಿ, ಕಣ್ಣು ಮುಚ್ಚಿ, ಕೈಗೆ ಸಿಕ್ಕ ಮೊದಲ ಬ್ಯಾಗನ್ನು ತರುವುದು. ಅಷ್ಟು ಮಾಡಿದ್ದರೆ ಇವತ್ತು ತಮಗೂ ನನಗೂ ಈ ತೊಂದರೆ ಇರುತ್ತಿರಲಿಲ್ಲ. ಆದರೆ ಅಂಗಡಿಯೊಳಗೆ ಕಾಲಿಟ್ಟವನು ಗಂಡ, ಕಾಲಿಟ್ಟು ಮೊದಲ ಹೊಲಿಗೆಯನ್ನು ಕಂಡ ಕ್ಷಣದಿಂದ ಪರೀಕ್ಷಕ. ಕೊಟ್ಟ ಮಾತು ತಲೆಯಿಂದ ಹೊರಟೇ ಹೋಯಿತು.

ಅಂಗಡಿಯಾಕೆ ಎತ್ತರದ ಸ್ಟೂಲಿನ ಮೇಲೆ ಕೂತು ಏನನ್ನೋ ಓದುತ್ತಿದ್ದಳು. ಬೆನ್ನಿಗೆ ಹಾಕುವಂಥದು ತೋರಿಸಲೇ ಎಂದಳು. ಬೆನ್ನಿನ ಬ್ಯಾಗನ್ನು ಇಳಿಸಿ, ಮುಂದೆ ತಂದು, ತೆರೆದು ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಅಂಗಡಿಯವನು ಕಳ್ಳತೂಕಕ್ಕೆಂದು ತಕ್ಕಡಿಯ ಕೆಳಗೆ ಸಿಕ್ಕಿಸಿದ ಬೆಣೆಯನ್ನು ಎಳೆದು ಜೇಬಿಗೆ ಹಾಕಿಕೊಂಡಿರುತ್ತಾನೆ. ನನಗೆ ಬೇಕಾದದ್ದು ಒಂದೇ ಪಟ್ಟಿಯ, ಸೊಂಟದ ಪಕ್ಕ ಇಳಿಬೀಳುವ, ನಿಂತಲ್ಲೇ ಒಂದು ಕೈಯಲ್ಲಿ ತೆರೆಯಬಹುದಾದ ಮೆಸೆಂಜರ್ ಬ್ಯಾಗು ಎಂದು ನಾನು ವಿವರಿಸಿದೆ. ಆಕೆ ಪುಸ್ತಕ ಮುಚ್ಚಿಟ್ಟು ಏಳು ಬ್ಯಾಗುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿದಳು.

ಮೊದಲನೆಯದು ಚರ್ಮದ್ದು, ನೋಡಲು ಬಲು ಚೆಂದ, ಆದರೆ ಪಟ್ಟಿಯನ್ನು ಹಿಡಿದಿದ್ದವು ಎರಡೇ ಮೊಳೆಗಳು. ಇನ್ನೊಂದರ ಜಿಪ್ಪು ಪ್ರತಿ ಐದನೆಯ ಹಲ್ಲಿಗೆ ಎಡವುತ್ತಿತ್ತು. ಮೂರನೆಯದಕ್ಕೆ ಹನ್ನೊಂದು ಜೇಬುಗಳಿದ್ದವು, ಆದರೆ ಲ್ಯಾಪ್‌ಟಾಪಿನ ಜೇಬು ನೇರವಾಗಿ ತಳಕ್ಕೇ ತಾಗುತ್ತಿತ್ತು. ಬ್ಯಾಗನ್ನು ನೆಲಕ್ಕೆ ಕುಕ್ಕಿದಾಗ ಏಟು ಬೀಳುವುದು ಬ್ಯಾಗಿಗಲ್ಲ, ಒಳಗಿರುವುದಕ್ಕೆ, ಆದ್ದರಿಂದ ಆ ಜೇಬು ತಳದಿಂದ ಎರಡು ಬೆರಳು ಮೇಲೆ ತೂಗುತ್ತಿರಬೇಕೆಂಬ ಸಣ್ಣ ವಿಷಯ ಅದನ್ನು ಹೊಲಿದವರಿಗೆ ಹೊಳೆದಿರಲಿಲ್ಲ. ನೀರು ಇಳಿಯುವುದಿಲ್ಲವೆಂದು ಬರೆದಿದ್ದ ಮತ್ತೊಂದರ ಮೇಲೆ ನಾನು ಆಕೆಯ ಬಾಟಲಿಯಿಂದ ಅರ್ಧ ಲೋಟ ನೀರು ಸುರಿದೆ. ಬಟ್ಟೆಯಿಂದ ಇಳಿಯಲಿಲ್ಲ ನಿಜ, ಹೊಲಿಗೆಯ ತೂತುಗಳಿಂದ ಇಳಿಯಿತು. ಉಳಿದವುಗಳಲ್ಲಿ ಒಂದನ್ನು ಅಂಗಡಿಯಾಕೆಯೇ ನನ್ನ ಮುಖ ನೋಡಿ ಸದ್ದಿಲ್ಲದೆ ಮೇಜಿನ ಕೆಳಗೆ ಸೇರಿಸಿದಳು. ಇನ್ನೊಂದರ ಬಕಲು ನನ್ನ ಕೈಯಲ್ಲೇ ಚಟ್ಟೆಂದಿತು.

ಏಳನೆಯದು ತಮ್ಮದು. ಹಸಿ ಸಿಮೆಂಟಿನ ಬಣ್ಣ, ಯಾರೂ ಎರಡನೆಯ ಸಲ ತಿರುಗಿ ನೋಡದ ಆಕಾರ. ಬಟ್ಟೆ ಲಾರಿಗೆ ಹೊದಿಸುವಂಥದು, ಪಟ್ಟಿ ಕಾರಿನ ಸೀಟ್ ಬೆಲ್ಟಿನಂಥದು, ಪಟ್ಟಿ ಬ್ಯಾಗಿಗೆ ಸೇರುವಲ್ಲಿ ಚೌಕಾಕಾರದ ಹೊಲಿಗೆ, ಚೌಕದೊಳಗೆ ಮತ್ತೆ ಅಡ್ಡಡ್ಡ ಹೊಲಿಗೆ. ಕೊಕ್ಕೆಗೆ ತೂಗುಹಾಕಿ ಎಂಟು ಕಿಲೋ ಕಲ್ಲು ತುಂಬಿದೆ, ಅಲುಗಲಿಲ್ಲ. ಜಗ್ಗಿದೆ, ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅಂಗಡಿಯಾಕೆಯ ಅನುಮತಿ ಪಡೆದು ನಾನೇ ಪಟ್ಟಿಗೆ ಜೋತುಬಿದ್ದೆ. ಗೋಡೆಯ ಕೊಕ್ಕೆ ಗಾರೆ ಸಮೇತ ಕಿತ್ತುಬಂತು. ಬ್ಯಾಗಿಗೆ ಏನೂ ಆಗಲಿಲ್ಲ. ಇಡೀ ವೃತ್ತಿಜೀವನದಲ್ಲಿ ಹೊಸ ವಸ್ತುವೊಂದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.

ಮನೆಗೆ ತಂದಾಗ ನನ್ನಾಕೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಪಟ್ಟಿಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿದೆ ಎಂದಷ್ಟೇ ಹೇಳಿ ತನ್ನ ಒತ್ತುಯಂತ್ರದ ಕಡೆ ತಿರುಗಿಕೊಂಡಳು. ಆಗ ನನಗೆ ಬೆಳಗಿನ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಬದಲಾಯಿಸಿ ತರುತ್ತೇನೆ ಎನ್ನಬಹುದಿತ್ತು. ಒಳ್ಳೆಯ ಬ್ಯಾಗನ್ನು ಕೊಟ್ಟು ಕೆಟ್ಟ ಬ್ಯಾಗನ್ನು ತರುವುದು ನನ್ನ ಕೈಲಾಗದ ಕೆಲಸ.

ಅಂದಿನಿಂದ ಒಂಬತ್ತು ವರ್ಷ. ಈ ಅವಧಿಯಲ್ಲಿ ನನ್ನ ಭಾವಮೈದುನ ಐದು ಬ್ಯಾಗು, ಮೂರು ಕೆಲಸ ಬದಲಾಯಿಸಿದ. ನನ್ನ ಲ್ಯಾಪ್‌ಟಾಪೇ ಎರಡು ಸಲ ಬದಲಾಯಿತು. ತಮ್ಮ ಬ್ಯಾಗು ಬಸ್ಸಿನ ಬಾಗಿಲಿಗೆ ಸಿಕ್ಕು ಎರಡು ನಿಲ್ದಾಣ ಎಳೆದಾಡಿಸಿಕೊಂಡಿದೆ. ಬಾಗಿಲಿಗೆ ರಿಪೇರಿ ಬೇಕಾಯಿತು. ಪಕ್ಕದ ಮನೆಯ ನಾಯಿ ಕಚ್ಚಿದೆ. ಆಮೇಲೆ ಅದು ಎರಡು ದಿನ ಮೆತ್ತಗಿನದನ್ನೇ ತಿಂದಿತಂತೆ. ಆರನೆಯ ವರ್ಷದಿಂದೀಚೆಗೆ ನಾನೇ ನಾಚಿಕೆ ಬಿಟ್ಟು ಅದನ್ನು ಒರಟು ಗೋಡೆಗೆ ಉಜ್ಜಿಕೊಂಡು ನಡೆಯುತ್ತಿದ್ದೇನೆ. ಗೋಡೆಯವರು ಆಕ್ಷೇಪಿಸಿದ್ದಾರೆ.

ನನ್ನ ಸಂಕಟ ತಮಗೆ ಅರ್ಥವಾಗಬೇಕಾದರೆ ಪ್ರತಿದಿನ ಸಂಜೆ ನಡೆಯುವುದನ್ನು ಹೇಳಬೇಕು. ನಾನು ಮನೆಗೆ ಬಂದ ಕೂಡಲೇ ನನ್ನಾಕೆ ನನ್ನ ಹೆಗಲಿನಿಂದ ಬ್ಯಾಗನ್ನು ತಾನೇ ಇಳಿಸಿಕೊಳ್ಳುತ್ತಾಳೆ. ಇಳಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಪಟ್ಟಿಯ ಬುಡ, ತಳದ ಮೂಲೆಗಳು, ಜಿಪ್ಪಿನ ಅಂಚು ಎಲ್ಲವನ್ನೂ ಒಂದೊಂದಾಗಿ ನೋಡುತ್ತಾಳೆ. ಎಲ್ಲಾದರೂ ಹರಿದಿರಬಹುದೇ, ಇವತ್ತಾದರೂ ಈ ಮನುಷ್ಯ ಮನೆಯಲ್ಲಿ ಕೂರುವ ದಿನ ಬಂತೇ ಎಂದು ಹುಡುಕುವ ಆ ಕಣ್ಣುಗಳನ್ನು ನೋಡಲಾರದೆ ನಾನು ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ಮಾತು ಕೊಟ್ಟು ಒಂಬತ್ತು ವರ್ಷ ಕಾಯಿಸಿದವನ ಗತಿ ಏನೆಂಬುದನ್ನು ತಮ್ಮ ಗ್ಯಾರಂಟಿ ಪತ್ರದಲ್ಲಿ ಎಲ್ಲೂ ನಮೂದಿಸಿಲ್ಲ.

ನಾನು ಮನೆಯಲ್ಲಿದ್ದರೆ ಆಕೆಗೆ ಎಷ್ಟು ಅನುಕೂಲವೆಂಬುದು ನನಗೆ ಅನುಭವದಿಂದಲೇ ಗೊತ್ತು. ಮೂರನೆಯ ವರ್ಷ ಸೊಂಟ ಹಿಡಿದುಕೊಂಡು ಹದಿನೈದು ದಿನ ಮನೆಯಲ್ಲಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ಆಕೆ ಕಟ್ಟಿದ ಪುಸ್ತಕಗಳನ್ನು ತೂಗಿ, ಒಂದೇ ಬಗೆಯ ಎರಡು ಪುಸ್ತಕಗಳ ನಡುವೆ ಮೂರು ಗ್ರಾಂ ವ್ಯತ್ಯಾಸವಿದೆಯೆಂದು ತೋರಿಸಿಕೊಟ್ಟೆ. ಅಂಟನ್ನು ಕುಂಚದಿಂದ ಅಂದಾಜಿಗೆ ಹಚ್ಚುತ್ತಿದ್ದವಳಿಗೆ ಚಮಚದಲ್ಲಿ ಅಳೆದುಕೊಟ್ಟೆ. ಆಕೆಯ ಅಳತೆಪಟ್ಟಿ, ಕತ್ತರಿ, ಅಡುಗೆಮನೆಯ ಉಪ್ಪಿನ ಚಮಚ ಎಲ್ಲಕ್ಕೂ ಪರೀಕ್ಷಿಸಲಾಗಿದೆ ಎಂಬ ಸ್ಟಿಕ್ಕರ್ ಅಂಟಿಸಿದೆ. ಚಮಚ ಮೊದಲ ಸಲ ಪಾಸಾಗಲಿಲ್ಲ. ಕೃತಜ್ಞತೆಯಿಂದ ಆಕೆಗೆ ಮಾತೇ ಹೊರಡುತ್ತಿರಲಿಲ್ಲ. ನನ್ನ ಸೊಂಟದ ಮೇಲೆ ಆಕೆಗೆ ಅದೆಷ್ಟು ಕಾಳಜಿ ಬಂತೆಂದರೆ, ಅಂದಿನಿಂದ ಇಂದಿನವರೆಗೆ ದಿನವೂ ಬೆಳಿಗ್ಗೆ ಮುಕ್ಕಾಲು ಗಂಟೆ ನನ್ನನ್ನು ನಡಿಗೆಗೆ ಕಳಿಸುತ್ತಾಳೆ. ಅರ್ಧ ಗಂಟೆಗೇ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಇನ್ನೊಂದು ಸುತ್ತು ಹೋಗಿಬನ್ನಿ ಎನ್ನುತ್ತಾಳೆ.

ಇನ್ನು ತಮ್ಮ ಬ್ಯಾಗಿನ ಅತಿ ಭಯಂಕರ ಗುಣದ ವಿಷಯ. ಕೆಲವೊಮ್ಮೆ ಸಂಜೆ ಬರುವಾಗ ಹೊಲಿಗೆ ಸ್ವಲ್ಪ ಬಿಟ್ಟಂತೆ ಕಂಡು ನನ್ನ ಎದೆ ಹಗುರಾದದ್ದುಂಟು. ನಾಳೆಗೆ ಪೂರ್ತಿ ಬಿಟ್ಟೀತು, ಮಾತು ಉಳಿಸಿಕೊಂಡೇನು ಎಂದುಕೊಂಡಿರುತ್ತೇನೆ. ಮರುದಿನ ನಡಿಗೆ ಮುಗಿಸಿ ಬಂದು ನೋಡಿದರೆ ಹೊಲಿಗೆ ಮುಚ್ಚಿಕೊಂಡಿರುತ್ತದೆ. ಒಂದು ಸಲವಲ್ಲ, ನಾನು ಗುರುತು ಹಾಕಿಟ್ಟ ಹಾಗೆ ಹದಿನಾಲ್ಕು ಸಲ. ಗಾಯ ತಾನೇ ಮಾಯುವ ಬಟ್ಟೆಯನ್ನು ತಾವು ಕಂಡುಹಿಡಿದಿದ್ದೀರಿ, ಮತ್ತು ಅದನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳದಷ್ಟು ವಿನಯವಂತರಾಗಿದ್ದೀರಿ. ಅಷ್ಟೇ ಅಲ್ಲ, ಅದು ಬೆಳೆಯುತ್ತಲೂ ಇದೆ. ವರ್ಷಕ್ಕೊಮ್ಮೆ ನಾನು ಬ್ಯಾಗನ್ನು ಬರಿದು ಮಾಡಿ ತೂಗುತ್ತೇನೆ. ಸವೆದು ಹಗುರಾಗಬೇಕಾದ ವಸ್ತು ಒಂಬತ್ತು ವರ್ಷದಲ್ಲಿ ನಲವತ್ತಾರು ಗ್ರಾಂ ಹೆಚ್ಚಾಗಿದೆ. ಬೇಕರಿಗಳ ಹಿಟ್ಟಿನ ದೂಳು ಕೂತಿರಬೇಕೆಂದು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ತಮ್ಮ ಕಾರ್ಖಾನೆಯಿಂದ ಹರಿಯುವುದರಲ್ಲಿ ಪರಿಣತಿ ಪಡೆದ ಒಬ್ಬರನ್ನು ಸೂಕ್ತ ಸಲಕರಣೆಗಳೊಂದಿಗೆ ಕಳಿಸಿ, ನನ್ನ ಹೆಂಡತಿಯ ಸಮಕ್ಷಮದಲ್ಲಿ ಈ ಬ್ಯಾಗನ್ನು ಹರಿದುಕೊಡಬೇಕು. ಅದು ಕಾರ್ಖಾನೆಯ ಮರ್ಯಾದೆಗೆ ಕುಂದೆನಿಸಿದರೆ, ಬ್ಯಾಗು ತಾತ್ವಿಕವಾಗಿ ಹರಿದಿದೆ ಎಂದು ಮೊಹರು ಹಾಕಿದ ಪತ್ರವನ್ನಾದರೂ ಕೊಡಬೇಕು. ಜೀವನಪೂರ್ತಿ ಗ್ಯಾರಂಟಿ ಎಂದಿದ್ದೀರಲ್ಲ, ಅದು ಬ್ಯಾಗಿನ ಜೀವನವೋ ನನ್ನದೋ ಎಂಬುದನ್ನು ಸ್ಪಷ್ಟಪಡಿಸಿದರೆ ನನ್ನ ಮುಂದಿನ ಏರ್ಪಾಡುಗಳಿಗೆ ಸಹಾಯವಾದೀತು. ನಾನೇ ಕತ್ತರಿ ಹಾಕಬಹುದಲ್ಲ ಎಂದು ತಾವು ಕೇಳಬಹುದು. ಸುಳ್ಳು ತಕ್ಕಡಿಗಳನ್ನು ಹಿಡಿಯುವವನು ಹೆಂಡತಿಗೆ ಸುಳ್ಳು ಹರಕು ತೋರಿಸಲಾರ, ಮಾನ್ಯರೇ.

ಇಲ್ಲಿಯವರೆಗೆ ಬರೆದು, ಮುಗಿಸುವ ಮುನ್ನ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬಲು ಮೃದುವಾದ ದನಿಯ ಹೆಣ್ಣುಮಗಳು ಏನು ಕೆಟ್ಟಿದೆ ಸರ್ ಎಂದು ಕೇಳಿದಳು. ಏನೂ ಕೆಟ್ಟಿಲ್ಲ, ಅದೇ ದೂರು ಎಂದೆ. ಆಕೆ ಅದೇ ಪ್ರಶ್ನೆಯನ್ನು ಮೂರು ಸಲ, ಪ್ರತಿ ಸಲ ಇನ್ನಷ್ಟು ನಿಧಾನವಾಗಿ, ಹುಷಾರಿಲ್ಲದವರನ್ನು ಮಾತಾಡಿಸುವ ಹಾಗೆ ಕೇಳಿದಳು. ಕೊನೆಗೆ, ಯಾವ ದೂರೇ ಆದರೂ ಬ್ಯಾಗಿನ ಸ್ಥಿತಿಗತಿಯ ಬಗ್ಗೆ ನುರಿತ ರಿಪೇರಿಯವರೊಬ್ಬರಿಂದ ಬರೆಸಿ ಲಗತ್ತಿಸಬೇಕೆಂಬ ನಿಯಮ ತಿಳಿಸಿದಳು. ನಿಯಮವೆಂದರೆ ನನಗೆ ಪಂಚಪ್ರಾಣ. ಮರುದಿನವೇ ಪೇಟೆಯ ಮೂಲೆಯಲ್ಲಿ ಬ್ಯಾಗು, ಪೆಟ್ಟಿಗೆ, ಕೊಡೆ ರಿಪೇರಿ ಮಾಡುವ ಮುದುಕರ ಬಳಿಗೆ ಹೋದೆ. ಒಂದು ಹೊಲಿಗೆಯೂ ಬಿಟ್ಟಿಲ್ಲವೆಂದು ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದು ಕೈಮುಗಿದೆ.

ಮುದುಕರು ಕನ್ನಡಕ ಏರಿಸಿಕೊಂಡು ಪಟ್ಟಿ ನೋಡಿದರು, ಬುಡ ನೋಡಿದರು, ಆಮೇಲೆ ನಾನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದರು: ಬ್ಯಾಗನ್ನು ಪೂರ್ತಿ ಒಳಹೊರಗು ತಿರುಗಿಸಿದರು. ತಿರುಗಿಸಿ ಅಂಚುಗಳ ಮೇಲೆ ಉಗುರು ಓಡಿಸುತ್ತ ಹೋದರು. ಏನಾಯಿತೆಂದು ಕೇಳಿದೆ. “ಇದರಲ್ಲಿ ಕಂಪನಿಯೋರ ಹೊಲಿಗೆ ಎಲ್ಲಿದೆ ಅಂತ ಹುಡುಕ್ತಾ ಇದೀನಿ” ಎಂದರು. ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಪಟ್ಟಿಯ ಎರಡು ಬುಡಗಳೂ ಬಿಚ್ಚಿ ಮತ್ತೆ ಹೊಲಿದವು. ಮೂಲೆಗಳಿಗೆ ಒಳಗಿನಿಂದ ತೇಪೆ. ತಳಕ್ಕೆ ಒಳಗಡೆ ಇನ್ನೊಂದು ತಳವನ್ನೇ ಕೂರಿಸಲಾಗಿತ್ತು. ದಾರಕ್ಕೆ ಸಿಮೆಂಟಿನ ಬಣ್ಣ ಕಟ್ಟಿ, ಹಳೆಯ ಹೊಲಿಗೆಯ ತೂತುಗಳಲ್ಲೇ ಸೂಜಿ ದಾಟಿಸಿದ್ದರಿಂದ ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ಮೊದಲನೆಯ ರಿಪೇರಿಗೆ ಸುಮಾರು ಆರು ವರ್ಷವಾಗಿರಬೇಕು ಎಂದರು. ಯಾವ ಅಂಗಡಿಯವರ ಕೆಲಸವಿದು ಎಂದು ನಾನು ಇನ್ನೂ ದಡ್ಡನಂತೆ ಕೇಳಿದೆ. “ಇದು ನಮ್ಮ ಕಸುಬಿನೋರ ಕೈ ಅಲ್ಲ ಸ್ವಾಮಿ. ಮೇಣದ ದಾರ, ಈ ಗಂಟು ನೋಡಿ. ಇದು ಪುಸ್ತಕ ಹೊಲಿಯೋರ ಕೈ.”

ಮಾನ್ಯರೇ, ಈ ಪ್ರಪಂಚದಲ್ಲಿ ಪುಸ್ತಕ ಹೊಲಿಯುವವರು ನನಗೆ ಒಬ್ಬರೇ ಗೊತ್ತು.

ಆ ಅಂಗಡಿಯಿಂದ ಮನೆಗೆ ಹದಿನೈದು ನಿಮಿಷದ ದಾರಿ. ನನಗೆ ಒಂದೂವರೆ ಗಂಟೆ ಹಿಡಿಯಿತು. ನಲವತ್ತಾರು ಗ್ರಾಂ ಹಿಟ್ಟಿನ ದೂಳಲ್ಲ, ಆರು ವರ್ಷದ ದಾರ ಮತ್ತು ರಟ್ಟಿಗೆ ಅಂಟಿಸುವ ಬಟ್ಟೆ ಎಂಬುದು ಲೆಕ್ಕಕ್ಕೆ ಸರಿಹೋಯಿತು. ದಿನವೂ ಕಿಟಕಿಯ ಬೆಳಕಿನಲ್ಲಿ ಆಕೆ ಹುಡುಕುತ್ತಿದ್ದದ್ದು ಏನೆಂಬುದು ಗೊತ್ತಾಯಿತು. ಬೆಳಗಿನ ನಡಿಗೆ ಯಾರ ಸೊಂಟಕ್ಕೆ ಒಳ್ಳೆಯದಾಗುತ್ತಿತ್ತೆಂಬುದೂ ಗೊತ್ತಾಯಿತು. ಒಂಬತ್ತು ವರ್ಷ ಕಾಯಿಸಿದೆನೆಂದು ಕೊರಗುತ್ತಿದ್ದ ನನಗಾಗಿ ಮನೆಯಲ್ಲಿ ಯಾರೂ ಕಾಯುತ್ತಲೇ ಇರಲಿಲ್ಲ. ನನ್ನನ್ನು ಮನೆಗೆ ಬಾರದಂತೆ ಸೂಜಿ ದಾರದಿಂದ ಹೊಲಿದು ಹೊರಗಿಟ್ಟಿದ್ದರು. ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತೆ. ಅಳು ಬಂತು ಎಂದು ಬಹಿರಂಗ ಪತ್ರದಲ್ಲಿ ಬರೆಯಲು ಸಂಕೋಚವಾಗುತ್ತದೆ, ಆದರೆ ಬಂತು.

ಮನೆಗೆ ಹೋಗಿ, ಒಳಹೊರಗಾಗಿದ್ದ ಬ್ಯಾಗನ್ನು ಹಾಗೆಯೇ ಆಕೆಯ ಮೇಜಿನ ಮೇಲಿಟ್ಟೆ. ಆಕೆ ಒಂದು ದಪ್ಪ ದಾಖಲೆ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದಳು. ಬ್ಯಾಗನ್ನು ನೋಡಿದಳು, ಕುಂಚವನ್ನು ಡಬ್ಬದಲ್ಲಿಟ್ಟಳು. ಸುಳ್ಳು ಹೇಳಲಿಲ್ಲ. ಆ ಹದಿನೈದು ದಿನ ನೆನಪಿದೆಯಾ ಎಂದಳು. ಎರಡನೆಯ ವಾರ ತಾನು ಅಂಟಿನ ಡಬ್ಬವನ್ನು ನನ್ನ ತಲೆಯ ಮೇಲೆ ಮಗುಚುವುದೊಂದು ಬಾಕಿಯಿತ್ತೆಂದೂ, ನಾನು ಸೊಂಟ ಹಿಡಿದವನೆಂಬ ಒಂದೇ ಕಾರಣಕ್ಕೆ ಬಿಟ್ಟೆನೆಂದೂ, ಇವತ್ತಿಗೂ ಉಪ್ಪಿನ ಚಮಚದ ಮೇಲಿನ ಸ್ಟಿಕ್ಕರಿನ ಅಂಟು ಹೋಗಿಲ್ಲವೆಂದೂ ಹೇಳಿದಳು. ಹಾಗಾದರೆ ನಾನು ಮನೆಗೆ ಬರುವುದೇ ಬೇಡವಾ ಎಂದು ಕೇಳಿದೆ.

ಆಕೆ ಬೆರಳಿನ ಅಂಟನ್ನು ಬಟ್ಟೆಗೆ ಒರೆಸಿಕೊಂಡಳು. “ಸಂಜೆ ನೀವು ಬರೋದು ಅಂದ್ರೆ ನನಗೆ ಇಷ್ಟ ರೀ. ಆರು ಗಂಟೆಯಿಂದಲೇ ಕಿವಿ ಬಾಗಿಲ ಕಡೆ ಇರುತ್ತೆ. ಆದ್ರೆ ಬರಬೇಕು ಅಂದ್ರೆ ಮೊದಲು ಹೋಗಿರಬೇಕಲ್ವಾ?”

ನನಗೆ ನಿಜವಾಗಿ ಕೆಲಸ ಸಾಕೆನಿಸಿದ ದಿನ ಹೇಳಿದರೆ ಆ ದಿನವೇ ತಾನು ಸೂಜಿ ಕೆಳಗಿಡುವುದಾಗಿಯೂ, ಆದರೆ ನನ್ನ ಕುರ್ಚಿ ಹಿಂದಿನ ಕೋಣೆಯಲ್ಲಿರುತ್ತದೆಂದೂ ಆಕೆ ಹೇಳಿದಳು. ಸಾಕೆನಿಸಿದೆಯೇ ಎಂದು ನಾನು ನಾಲ್ಕು ದಿನ ಯೋಚಿಸಿದೆ. ಆ ನಾಲ್ಕು ದಿನದಲ್ಲಿ ಒಬ್ಬ ತರಕಾರಿಯವನ ಬೆಣೆ ಹಿಡಿದೆ, ಅಂಚೆ ಕಚೇರಿಯ ಯಂತ್ರವೊಂದು ಒಂಬತ್ತು ಗ್ರಾಂ ಸುಳ್ಳು ಹೇಳುತ್ತಿದ್ದದ್ದನ್ನು ಸರಿಮಾಡಿದೆ, ಮತ್ತು ಪ್ರತಿ ಸಂಜೆ ಮೆಟ್ಟಿಲು ಹತ್ತುವಾಗ ಬೇಕೆಂದೇ ಕೆಮ್ಮಿ ಸದ್ದು ಮಾಡಿದೆ. ಸಾಕೆನಿಸಿಲ್ಲ.

ಆದ್ದರಿಂದ ಬ್ಯಾಗು ಹರಿಯಲು ತಜ್ಞರನ್ನು ಕಳಿಸಬೇಕೆಂಬ ಮೇಲಿನ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ತಮ್ಮ ಬ್ಯಾಗಿನ ಬಾಳಿಕೆಯನ್ನು ಕುರಿತು ಮೇಲೆ ಆಡಿದ ಎಲ್ಲ ಮಾತುಗಳನ್ನೂ, ವಿಶೇಷವಾಗಿ ತಾನೇ ಮಾಯುವ ಬಟ್ಟೆ ಎಂಬುದನ್ನು, ಹಿಂತೆಗೆದುಕೊಂಡು ಸಲ್ಲಬೇಕಾದವರಿಗೆ ಸಲ್ಲಿಸಿದ್ದೇನೆ. ತಮ್ಮ ಬ್ಯಾಗು ಮೂರು ವರ್ಷ ಬಾಳಿತು. ಅದೂ ಕಡಿಮೆಯೇನಲ್ಲ, ತಮ್ಮ ಯಂತ್ರಗಳಿಗೆ ನನ್ನ ವಂದನೆಗಳು ಹಾಗೆಯೇ ಇರಲಿ.

ನಿನ್ನೆ ಬೆಳಿಗ್ಗೆ ಪಟ್ಟಿಯ ಬುಡದಲ್ಲಿ ಮತ್ತೆ ಎರಡು ಬೆರಳಷ್ಟು ಬಿಟ್ಟಿತ್ತು. ನಾನು ನಡಿಗೆಗೆ ಹೋಗಲಿಲ್ಲ. ಬಿಟ್ಟ ಜಾಗ ಮೇಲೆ ಕಾಣುವಂತೆ ಬ್ಯಾಗನ್ನು ಆಕೆಯ ಮೇಜಿನ ಮೇಲಿಟ್ಟು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಸೂಜಿ ನೇರವಾಗಿ ದಾಟಲೆಂದು ಎರಡೂ ಅಂಚುಗಳನ್ನು ಜೋಡಿಸಿ ಹಿಡಿದೆ. ಆಕೆ ದಾರಕ್ಕೆ ಮೇಣ ಉಜ್ಜಿ ಹೊಲಿಯತೊಡಗಿದಳು. ಏಳನೆಯ ಹೊಲಿಗೆ ಕಾಲು ಮಿಲಿಮೀಟರಿನಷ್ಟು ಸೊಟ್ಟಗೆ ಬಿತ್ತು. ನಾನು ನೋಡಿದೆ. ಏನೂ ಹೇಳಲಿಲ್ಲ.

ಇಷ್ಟು ದಿನ ತಮ್ಮ ಮೇಲೆ ಅನಗತ್ಯ ಗೌರವ ಇಟ್ಟುಕೊಂಡಿದ್ದಕ್ಕೆ ಕ್ಷಮೆ ಕೋರುವ,

ತಮ್ಮ ವಿಶ್ವಾಸಿ,
ತಕ್ಕಡಿ ಪರೀಕ್ಷಕ
(ಪೇಟೆಯವರ ಬಾಯಲ್ಲಿ ಅರ್ಧಗ್ರಾಂ)

ತಾ.ಕ.: ಬ್ಯಾಗಿನ ಮುಚ್ಚಳದ ಮೇಲಿದ್ದ ತಮ್ಮ ಕಂಪನಿಯ ಹೆಸರಿನ ಪಟ್ಟಿಯನ್ನು ತೆಗೆದು ಬೇರೆ ಲಕೋಟೆಯಲ್ಲಿ ತಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ಇಡೀ ಬ್ಯಾಗಿನಲ್ಲಿ ತಮ್ಮದೆಂದು ಉಳಿದಿದ್ದ ಹೊಲಿಗೆ ಅದೊಂದೇ ಆಗಿತ್ತು. ತೆಗೆಯಲು ಕತ್ತರಿ ಬೇಕಾಗಲಿಲ್ಲ.